ಮ್ಯೂರೆನ್: ರಸ್ತೆ ಇಲ್ಲದ ಊರಿನಲ್ಲಿ ಕೆಲವು ದಿನ

ಸ್ವಿಟ್ಜರ್‌ಲೆಂಡಿಗೆ ಹೋಗಿಬಂದವರನ್ನು ಕೇಳಿ ನೋಡಿ. ಬರ್ನ್ ಸೀಮೆಯ ಬೆಟ್ಟಗಳಿಗೆ ಅವರ ಟೂರಿನಲ್ಲಿ ಸಿಕ್ಕಿದ್ದು ಹೆಚ್ಚೆಂದರೆ ಒಂದು ದಿನ. ಬೆಳಿಗ್ಗೆ ರೈಲಿನಲ್ಲಿ ಯುಂಗ್‌ಫ್ರೌಯೋಖ್, ಹಿಮದಲ್ಲಿ ಫೋಟೊ, ಮಧ್ಯಾಹ್ನ ಅಲ್ಲೇ ಇಂಡಿಯನ್ ಊಟ, ಸಂಜೆ ಬಸ್ಸು. ಅದೂ ನೋಡಬೇಕಾದ ಜಾಗವೇ, ಅನುಮಾನ ಬೇಡ. ಆದರೆ ಅದೇ ಬೆಟ್ಟಗಳ ಎದುರಿಗೆ, ಕಣಿವೆಯ ಇನ್ನೊಂದು ಬದಿಯಲ್ಲಿ, ನೆಟ್ಟಗೆ ನಿಂತ ಬಂಡೆಯ ನೆತ್ತಿಯ ಮೇಲೆ ಒಂದು ಪುಟ್ಟ ಹಳ್ಳಿ ಇದೆ. ಹೆಸರು ಮ್ಯೂರೆನ್. ಎತ್ತರ ಸುಮಾರು 1,640 ಮೀಟರ್. ವರ್ಷಪೂರ್ತಿ ಇರುವ ಜನ 400 ಚಿಲ್ಲರೆ. ಕೆಳಗಿನಿಂದ ಕಾರಿನಲ್ಲಿ ಹೋಗುವ ರಸ್ತೆಯೇ ಇಲ್ಲ. ಕೇಬಲ್ ಕಾರು, ಪುಟ್ಟ ರೈಲು, ಇಲ್ಲದಿದ್ದರೆ ಕಾಲು.

ಈ ಊರಲ್ಲಿ ರಾತ್ರಿ ತಂಗಬೇಕು ಅನ್ನುವುದು ನನ್ನ ಒತ್ತಾಯ. ಎರಡು ಗಂಟೆ ಇದ್ದು ಕಾಫಿ ಕುಡಿದು ಇಳಿದುಬಿಟ್ಟರೆ ಇದು ಕೂಡ ಇನ್ನೊಂದು ಚೆಂದದ ಜಾಗ ಅಷ್ಟೆ. ಉಳಿದರೆ ಮಾತ್ರ ಈ ಊರು ಯಾವುದರ ಮೇಲೆ ನಿಂತಿದೆ ಅಂತ ಗೊತ್ತಾಗುತ್ತದೆ.

ಹೋದವರು ನಾನು, ನನ್ನ ಗಂಡ, ನನ್ನ ಅಮ್ಮ. ಅಮ್ಮ ಮಲೆನಾಡಿನವರು, ಇವತ್ತಿಗೂ ಕೊಟ್ಟಿಗೆ ಕೆಲಸ ಬಿಟ್ಟವರಲ್ಲ. ಜೂನ್ ಕಳೆದು ಜುಲೈ ಶುರುವಾಗುವ ಹೊತ್ತು. ಹಿಮ ಮೇಲಕ್ಕೆ ಸರಿದು, ಹುಲ್ಲುಗಾವಲು ತುಂಬ ಹೂ ಬಿಟ್ಟಿರುವ ಕಾಲ.

ಮೊದಲ ದಿನ: ಇಂಟರ್‌ಲಾಕನ್‌ನಿಂದ ಮೇಲಕ್ಕೆ

ಜ್ಯೂರಿಕ್ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು ಸಿಗುತ್ತದೆ. ಬರ್ನ್ ಮೇಲೆ ಹಾದು ಇಂಟರ್‌ಲಾಕನ್ ಪೂರ್ವ ನಿಲ್ದಾಣಕ್ಕೆ ಬಂದೆವು. ಈ ಊರಿಗೆ ಭಾರತೀಯರು ಹೊಸಬರಲ್ಲ. ಹಿಂದಿ ನಿರ್ದೇಶಕ ಯಶ್ ಚೋಪ್ರಾ ಅವರು ಈ ಸುತ್ತಿನಲ್ಲಿ ಅಷ್ಟೊಂದು ಹಾಡು ಚಿತ್ರೀಕರಿಸಿದರು ಅಂತ 2016ರಲ್ಲಿ ಇಲ್ಲಿ ಅವರದೊಂದು ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ನಾವು ನಿಲ್ಲಲಿಲ್ಲ, ನೇರ ಮುಂದಿನ ರೈಲು ಹತ್ತಿದೆವು.

ಇಲ್ಲೊಂದು ವಿಷಯ ಗಮನದಲ್ಲಿರಲಿ. ಇಂಟರ್‌ಲಾಕನ್‌ನಿಂದ ಹೊರಡುವ ರೈಲು ಸ್ವೈಲ್ಯೂಟ್ಶಿನೆನ್ ಅನ್ನುವ ಸಣ್ಣ ನಿಲ್ದಾಣದಲ್ಲಿ ಎರಡು ಹೋಳಾಗುತ್ತದೆ. ಒಂದು ಭಾಗ ಗ್ರಿಂಡೆಲ್‌ವಾಲ್ಡ್‌ಗೆ, ಇನ್ನೊಂದು ಲೌಟರ್‌ಬ್ರುನ್ನೆನ್‌ಗೆ. ಹತ್ತುವ ಮೊದಲೇ ಡಬ್ಬಿಯ ಮೇಲಿನ ಬೋರ್ಡು ಓದಿಕೊಂಡು ಕೂರಬೇಕು. ಪ್ರಯಾಣ 20 ನಿಮಿಷ.

ಲೌಟರ್‌ಬ್ರುನ್ನೆನ್ ಕಣಿವೆ ಹಿಮನದಿ ಕೊರೆದ ಕಣಿವೆ. ಹಿಂದೊಂದು ಕಾಲದಲ್ಲಿ ದಪ್ಪ ಹಿಮದ ನದಿ ಇಲ್ಲಿ ತೆವಳಿಕೊಂಡು ಹೋಗಿ ಎರಡೂ ಕಡೆ ಬೆಟ್ಟವನ್ನು ಕೆತ್ತಿಹಾಕಿದೆ, ಹಾಗಾಗಿ ತಳ ಅಗಲ, ಪಕ್ಕ ಮಾತ್ರ ಗೋಡೆಯಷ್ಟೇ ನೇರ. ಮೇಲಿನ ಬಯಲಿನ ತೊರೆಗಳಿಗೆ ಇಳಿದುಬರಲು ದಾರಿಯಿಲ್ಲ, ಎಲ್ಲವೂ ಜಲಪಾತವಾಗಿ ಬೀಳಬೇಕು. ಈ ಕಣಿವೆಯಲ್ಲಿ 72 ಜಲಪಾತ ಅಂತ ಲೆಕ್ಕ ಹೇಳುತ್ತಾರೆ. ಊರ ಪಕ್ಕದಲ್ಲೇ ಬೀಳುವ ಸ್ಟೌಬ್‌ಬಾಖ್ 297 ಮೀಟರ್ ಎತ್ತರದ್ದು. ನೀರು ಅರ್ಧ ದಾರಿಯಲ್ಲೇ ಗಾಳಿಗೆ ಪುಡಿಯಾಗಿ ಹಾರಿಹೋಗುತ್ತದೆ. ಅಮ್ಮ ಜೋಗ ನೋಡಿಕೊಂಡು ಬೆಳೆದವರು, ಆದರೂ ಸ್ಟೇಷನ್ ಹೊರಗೆ ಬ್ಯಾಗು ಇಟ್ಟು ಸುಮ್ನೆ ತಲೆ ಎತ್ತಿ ನಿಂತುಬಿಟ್ಟರು.

ಸ್ಟೇಷನ್ ಎದುರಿಗೇ ಕೇಬಲ್ ಕಾರು. ನಾಲ್ಕೇ ನಿಮಿಷದಲ್ಲಿ ಗ್ರುಟ್ಷಾಲ್ಪ್‌ಗೆ ಏರಿಸುತ್ತದೆ. ಮೊದಲು ಇಲ್ಲಿ ಹಳಿಯ ಮೇಲೆ ಹಗ್ಗದಿಂದ ಎಳೆಯುವ ಗಾಡಿ ಇತ್ತು. 1891ರಲ್ಲಿ ಶುರುವಾದದ್ದು. ಎರಡು ಗಾಡಿ, ಒಂದೇ ಹಗ್ಗದ ಎರಡು ತುದಿ. ಮೇಲಿನ ಗಾಡಿಯ ಟ್ಯಾಂಕಿಗೆ ನೀರು ತುಂಬಿದರೆ ಅದು ಭಾರಕ್ಕೆ ಇಳಿಯುತ್ತದೆ, ಅದು ಇಳಿಯುವಾಗ ಕೆಳಗಿನ ಗಾಡಿ ಏರುತ್ತದೆ. ಇಂಜಿನ್ನೇ ಬೇಡ, ಬೆಟ್ಟದ ನೀರೇ ಸಾಕು. 1902ರಲ್ಲಿ ಅದನ್ನು ವಿದ್ಯುತ್ತಿಗೆ ಬದಲಾಯಿಸಿದರು. ಕಡೆಕಡೆಗೆ ಇಳಿಜಾರಿನ ನೆಲವೇ ಸರಿಯತೊಡಗಿತು. ಅದಕ್ಕೇ 2006ರಲ್ಲಿ ಹಳಿ ಕಿತ್ತು ಈಗಿನ ಕೇಬಲ್ ಕಾರು ಹಾಕಿದ್ದು.

ನಮ್ಮ ಡಬ್ಬಿಯ ಹೊಟ್ಟೆಗೆ ದೊಡ್ಡದೊಂದು ಪೆಟ್ಟಿಗೆ ಕಟ್ಟಿದ್ದರು. ಏನದು ಅಂತ ನೋಡಿದರೆ ಮೇಲಿನ ಊರಿನ ಸಾಮಾನು. ಹಾಲು, ತರಕಾರಿ, ಹೋಟೆಲಿನ ಬಟ್ಟೆ, ಕಟ್ಟಡದ ಸಾಮಾನು, ಎಲ್ಲವೂ ಹೀಗೆ ತಂತಿಯಲ್ಲಿ ನೇತಾಡಿಕೊಂಡು ಏರಬೇಕು. ಮೇಲೆ ಅದನ್ನು ಇಳಿಸಿ ರೈಲಿನ ಸಾಮಾನು ಡಬ್ಬಿಗೆ ಹಾಕುತ್ತಾರೆ. ಊರಿನ ಕಸ ಇಳಿಯುವುದೂ ತಂತಿಯ ಮೇಲೆಯೇ. ಮುಂದಿನ ದಿನಗಳಲ್ಲಿ ಅಂಗಡಿಯಲ್ಲಿ ಒಂದು ಟೊಮೆಟೊ ಎತ್ತಿಕೊಂಡಾಗಲೂ ನನಗೆ ಆ ಪೆಟ್ಟಿಗೆ ನೆನಪಾಗುತ್ತಿತ್ತು. ಇಲ್ಲಿ ಬೆಲೆ ಯಾಕೆ ಜಾಸ್ತಿ ಅಂತ ಗೊಣಗುವ ಮೊದಲು ಎಲ್ಲರೂ ಒಮ್ಮೆ ಅದನ್ನು ನೋಡಬೇಕು.

ಗ್ರುಟ್ಷಾಲ್ಪ್‌ನಿಂದ ರೈಲು. ಹೊರಗಿನ ಯಾವ ರೈಲು ಮಾರ್ಗಕ್ಕೂ ಸೇರದ, ಬೆಟ್ಟದ ಮೇಲೆ ಒಂಟಿಯಾಗಿ ಓಡುವ ಮಾರ್ಗ ಇದು, ಉದ್ದ ನಾಲ್ಕು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಇದೂ 1891ರದ್ದೇ, ಅದೂ ಮೊದಲ ದಿನದಿಂದಲೇ ವಿದ್ಯುತ್ ರೈಲು. ಎಡಗಡೆ ಕೂರಿ. ಕಾಡು ಮುಗಿದ ಕೂಡಲೇ ಕಣಿವೆಯ ಆಚೆ ಐಗರ್, ಮ್ಯೋಂಖ್, ಯುಂಗ್‌ಫ್ರೌ ಮೂರೂ ಒಟ್ಟಿಗೆ ಎದುರಾಗುತ್ತವೆ. 3,967 ಮೀಟರ್, ಸುಮಾರು 4,110, ಮತ್ತೆ 4,158. ಅಂಕಿ ಓದಿದರೆ ಏನೂ ಅನ್ನಿಸುವುದಿಲ್ಲ. ನಡುವೆ ಒಂದು ಕಣಿವೆ ಬಿಟ್ಟರೆ ಇನ್ನೇನೂ ಅಡ್ಡವಿಲ್ಲದೆ ಅವನ್ನು ನೋಡುವುದೇ ಬೇರೆ.

ನಾವು ಅಡುಗೆಮನೆ ಇರುವ ಪುಟ್ಟ ಮನೆ ಬಾಡಿಗೆಗೆ ಹಿಡಿದಿದ್ದೆವು. ಊರಲ್ಲಿ ಕೋಪ್ ಅಂಗಡಿ ಇದೆ, ಅಕ್ಕಿ, ಮೊಸರು, ತರಕಾರಿ ಸಿಗುತ್ತದೆ. ಸಾರಿನಪುಡಿ ಅಮ್ಮನ ಬ್ಯಾಗಿನಲ್ಲಿತ್ತು. ಸಂಜೆ ಐದೂವರೆ ಆರು ಗಂಟೆಗೆಲ್ಲ ದಿನದ ಪ್ರವಾಸಿಗರು ಇಳಿದುಹೋದರು. ಆಮೇಲೆ ಬೀದಿಯಲ್ಲಿ ಉಳಿದದ್ದು ಊರಿನವರು, ಊರಲ್ಲಿ ತಂಗಿದವರು. ಮಕ್ಕಳು ಬೀದಿ ಮಧ್ಯೆಯೇ ಚೆಂಡಾಡುತ್ತಿದ್ದರು, ಕಾರು ಬರುವ ಭಯವೇ ಇಲ್ಲ. ಒಂಬತ್ತು ಗಂಟೆ ದಾಟಿದರೂ ಬೆಳಕು. ಊಟ ಮುಗಿಸಿ ಬಾಲ್ಕನಿಗೆ ಬಂದಾಗ ಕಣಿವೆಯೆಲ್ಲ ನೆರಳಲ್ಲಿ, ಯುಂಗ್‌ಫ್ರೌ ನೆತ್ತಿ ಮಾತ್ರ ಕೆಂಪಗೆ. ರಾತ್ರಿ ತಂಗಿ ಅಂತ ಹೇಳಿದ್ದಕ್ಕೆ ಇದು ಮೊದಲ ಕಾರಣ.

ಎರಡನೇ ದಿನ: ಊರು, ಮತ್ತು ಮದ್ರಾಸಿನಲ್ಲಿ ಹುಟ್ಟಿದ ಒಬ್ಬ ಮನುಷ್ಯ

ಬೆಳಿಗ್ಗೆ ಊರು ಸುತ್ತಿದೆವು. ಇರುವುದು ಎರಡು ಮುಖ್ಯ ಬೀದಿ, ಒಂದು ಮೇಲೆ, ಒಂದು ಕೆಳಗೆ. ಈ ತುದಿಯಿಂದ ಆ ತುದಿಗೆ 20 ನಿಮಿಷದ ನಡಿಗೆ. ಹಳೇ ಮನೆಗಳು ಬಿಸಿಲಿಗೆ ಕಪ್ಪಾದ ಮರದವು. ಗೋಡೆಗೆ ಒರಗಿಸಿ ಪೇರಿಸಿದ ಸೌದೆ ಎಷ್ಟು ನೀಟಾಗಿತ್ತೆಂದರೆ ಅಮ್ಮ ಹತ್ತಿರ ಹೋಗಿ ಒಂದೊಂದೇ ಸಾಲು ನೋಡಿದರು.

ಈ ಮನೆ ಕಟ್ಟಿದವರ ಹಿರಿಯರು ಇಲ್ಲಿಯವರಲ್ಲ. 13, 14ನೇ ಶತಮಾನದ ಹೊತ್ತಿಗೆ ಬೆಟ್ಟದ ಸಾಲಿನ ಆಚೆ, ಈಗಿನ ವಾಲೇ ಪ್ರಾಂತ್ಯದ ಲೋಟ್ಶೆನ್ ಕಣಿವೆಯಿಂದ ದನಕರು ಹೊಡೆದುಕೊಂಡು ಬೆಟ್ಟ ದಾಟಿ ಬಂದವರು. ವಾಲ್ಸರ್ ಅಂತ ಅವರನ್ನು ಕರೆಯುತ್ತಾರೆ. ಬೇರೆಯವರು ಇಲ್ಲಿ ಬದುಕೋಕಾಗಲ್ಲ ಅಂತ ಬಿಟ್ಟ ಎತ್ತರದ ಜಾಗಗಳಲ್ಲೇ ಅವರು ಒಕ್ಕಲು ಹೂಡಿದರು. ಕಾಡು ಕಡಿದರು, ಹುಲ್ಲು ಬೆಳೆಸಿದರು, ಚಳಿಗಾಲಕ್ಕೆ ಒಣಹುಲ್ಲು ಕೂಡಿಟ್ಟರು, ಹಾಲನ್ನು ಚೀಸ್ ಮಾಡಿ ಉಳಿಸಿಕೊಂಡರು. ನಾಲ್ಕೈದು ನೂರು ವರ್ಷ ಈ ಊರಿನ ಕಥೆ ಇಷ್ಟೇ, ಆದರೆ ಇಷ್ಟು ಮಾಡುವುದಕ್ಕೇ ಒಂದು ಇಡೀ ಬದುಕು ಬೇಕಾಗಿತ್ತು.

ಆಮೇಲೆ 19ನೇ ಶತಮಾನದಲ್ಲಿ ಇಂಗ್ಲಿಷರು ಬಂದರು. ಬೆಟ್ಟ ಹತ್ತುವ ಹುಚ್ಚು ಹಿಡಿದ ಕಾಲ ಅದು. 1850ರ ದಶಕದ ಕೊನೆಗೆ ಊರಲ್ಲಿ ಮೊದಲ ಹೋಟೆಲು ಎದ್ದಿತು, 1870ರ ದಶಕದಲ್ಲಿ ದೊಡ್ಡ ಹೋಟೆಲು. ರೈಲು ಬರುವವರೆಗೆ ಕಣಿವೆಯಿಂದ ಮೇಲಕ್ಕೆ ಕುದುರೆ ದಾರಿ ಅಷ್ಟೆ. ರೈಲು ಬಂದರೂ ಅದು ಬೇಸಿಗೆಗೆ ಮಾತ್ರ. ಚಳಿಗಾಲದಲ್ಲಿ ಊರು ಬಾಗಿಲು ಹಾಕಿಕೊಂಡು ಹಿಮದಡಿ ಕೂತಿರುತ್ತಿತ್ತು. ಅದನ್ನು ಬದಲಾಯಿಸಿದವನು ಹೆನ್ರಿ ಲನ್. 1910ರ ಚಳಿಗಾಲಕ್ಕೆ ರೈಲು ಓಡಿಸಿ ಅಂತ ಕಂಪನಿಯನ್ನು ಒಪ್ಪಿಸಿ, ಇಂಗ್ಲೆಂಡಿನಿಂದ ಅತಿಥಿಗಳನ್ನು ಕರೆತಂದ.

ಈ ಹೆನ್ರಿ ಲನ್‌ಗೂ ನಮ್ಮ ಕಡೆಗೂ ನಂಟಿದೆ. ಪ್ರವಾಸದ ವ್ಯಾಪಾರಕ್ಕೆ ಬರುವ ಮೊದಲು ಅವನು ಮೆಥಡಿಸ್ಟ್ ಮಿಷನ್ನಿನ ವೈದ್ಯನಾಗಿ ಭಾರತಕ್ಕೆ ಬಂದಿದ್ದ. ಆರೋಗ್ಯ ಕೆಟ್ಟು ಬೇಗ ವಾಪಸ್ ಹೋದ. ಅವನ ಮಗ ಆರ್ನಲ್ಡ್ ಲನ್ ಹುಟ್ಟಿದ್ದು 1888ರಲ್ಲಿ, ಮದ್ರಾಸಿನಲ್ಲಿ. ಮ್ಯೂರೆನ್ ಸ್ಟೇಷನ್ ಹತ್ತಿರ ಆ ಮಗನ ನೆನಪಿಗೆ ಒಂದು ಕಲ್ಲು ನಿಲ್ಲಿಸಿದ್ದಾರೆ. ಹೆಚ್ಚಿನವರು ನೋಡದೆ ದಾಟಿಹೋಗುತ್ತಾರೆ. ನೀವು ನಿಂತು ಓದಿ.

ಸ್ಕೀಯಿಂಗ್ ಅಂದರೆ ಕಾಲಿಗೆ ಉದ್ದನೆ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವುದು, ಆಗ ಅದು ನಾರ್ವೆಯವರ ಆಟ. ಸಮತಟ್ಟಿನಲ್ಲಿ ದೂರ ಓಡುವುದು, ದಿಬ್ಬದಿಂದ ಹಾರುವುದು. ಕಡಿದಾದ ಆಲ್ಪ್ಸ್ ಇಳಿಜಾರಿನಲ್ಲಿ ವೇಗವಾಗಿ ಇಳಿಯುವುದನ್ನು ಪಂದ್ಯ ಅಂತ ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಸ್ಲಾಲಂ ಅನ್ನುವ ಹೆಸರು ಮೊದಲೂ ಇತ್ತು, ಆದರೆ ಎಷ್ಟು ಚೆಂದ ತಿರುಗಿದ ಅಂತ ಅಂಕ ಕೊಡುತ್ತಿದ್ದರು. ಆರ್ನಲ್ಡ್ ಲನ್ 1922ರ ಜನವರಿಯಲ್ಲಿ ಇದೇ ಊರಿನ ಇಳಿಜಾರಿನಲ್ಲಿ ಜೋಡಿ ಜೋಡಿ ಬಾವುಟ ನೆಟ್ಟ. ಅವುಗಳ ನಡುವೆ ಹಾದು ಯಾರು ಬೇಗ ಇಳಿಯುತ್ತಾರೋ ಅವರು ಗೆದ್ದಂತೆ. ಚೆಂದಕ್ಕೆ ಅಂಕ ಇಲ್ಲ, ಗಡಿಯಾರಕ್ಕೆ ಮಾತ್ರ. ಇವತ್ತು ಚಳಿಗಾಲದ ಒಲಿಂಪಿಕ್ಸಿನಲ್ಲಿ ನಾವು ಟಿವಿಯಲ್ಲಿ ನೋಡುವ ಸ್ಲಾಲಂ ಹುಟ್ಟಿದ್ದು ಹೀಗೆ.

1924ರಲ್ಲಿ ಅವನೂ ಗೆಳೆಯರೂ ಇಲ್ಲಿ ಕಂದಹಾರ್ ಸ್ಕೀ ಕ್ಲಬ್ ಕಟ್ಟಿದರು. ಆಲ್ಪ್ಸ್ ಬೆಟ್ಟದ ಕ್ಲಬ್ಬಿಗೆ ಅಫ್ಘಾನಿಸ್ತಾನದ ಊರಿನ ಹೆಸರು ಹೇಗೆ ಬಂತು ಅಂದರೆ, 1911ರಲ್ಲಿ ಇಳಿಯುವ ಪಂದ್ಯವೊಂದಕ್ಕೆ ಬ್ರಿಟಿಷ್ ಸೇನಾಪತಿ ಲಾರ್ಡ್ ರಾಬರ್ಟ್ಸ್ ತನ್ನ ಹೆಸರಿನ ಕಪ್ ಕೊಟ್ಟಿದ್ದ. 1880ರಲ್ಲಿ ಕಾಬೂಲಿನಿಂದ ಕಂದಹಾರಿಗೆ ಸೈನ್ಯ ನಡೆಸಿಕೊಂಡು ಹೋದವನು ಅವನು, ಬಿರುದೇ ಕಂದಹಾರದ ರಾಬರ್ಟ್ಸ್. ಹುಟ್ಟೂರು ನಮ್ಮ ಕಾನ್ಪುರ. ಕೊನೆಗೆ 1931ರ ಫೆಬ್ರವರಿಯಲ್ಲಿ ಈ ಹಳ್ಳಿಯಲ್ಲೇ ಆಲ್ಪೈನ್ ಸ್ಕೀಯಿಂಗ್‌ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಹೆಂಗಸರಿಗೂ ಸ್ಪರ್ಧೆ ಇತ್ತು. ಬ್ರಿಟನ್ನಿನ ಎಸ್ಮೆ ಮೆಕಿನನ್ ಡೌನ್‌ಹಿಲ್, ಸ್ಲಾಲಂ ಎರಡನ್ನೂ ಗೆದ್ದಳು. ಗಂಡಸರಲ್ಲಿ ಸ್ವಿಸ್‌ನ ವಾಲ್ಟರ್ ಪ್ರಾಗರ್ ಡೌನ್‌ಹಿಲ್ ಗೆದ್ದ, ಡೇವಿಡ್ ಝೋಗ್ ಸ್ಲಾಲಂ.

ನಾನು ಇದನ್ನೆಲ್ಲ ಓದಿ ಹೇಳುತ್ತಿದ್ದರೆ ಅಮ್ಮ, "ಅಲ್ಲ ಕಣೇ, ಹಿಮವೇ ಬೀಳದ ಊರಲ್ಲಿ ಹುಟ್ಟಿದವನು ಇವರಿಗೆ ಹಿಮದ ಆಟ ಹೇಳಿಕೊಟ್ಟನಾ?" ಅಂದರು. ಆಟ ಹೇಳಿಕೊಟ್ಟ ಅನ್ನುವುದಕ್ಕಿಂತ ಆಟಕ್ಕೆ ನಿಯಮ ಕೊಟ್ಟ ಅನ್ನಬೇಕು.

ಇನ್ನೊಂದು ಮಾತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸೆರೆಯಲ್ಲಿದ್ದ, ಗಾಯಗೊಂಡ, ಕಾಯಿಲೆ ಬಿದ್ದ ಬ್ರಿಟಿಷ್ ಸೈನಿಕರನ್ನು 1916ರಿಂದ ಸ್ವಿಟ್ಜರ್‌ಲೆಂಡಿಗೆ ಕಳಿಸುವ ಒಪ್ಪಂದ ಆಯಿತು. ಅವರನ್ನು ಇರಿಸಿದ ಊರುಗಳಲ್ಲಿ ಮ್ಯೂರೆನ್ ಒಂದು. ಯುದ್ಧದಿಂದ ಪ್ರವಾಸಿಗರಿಲ್ಲದೆ ಖಾಲಿ ಬಿದ್ದಿದ್ದ ಹೋಟೆಲುಗಳಲ್ಲಿ ಸೈನಿಕರು ಉಳಿದರು. ಕಾಲಿನ ಪೆಟ್ಟಿನಿಂದ ಸೈನ್ಯಕ್ಕೆ ಸೇರಲಾಗದ ಆರ್ನಲ್ಡ್ ಲನ್ ಇಲ್ಲಿ ಅವರಿಗಾಗಿ ಕೆಲಸ ಮಾಡಿದ. ಈಗ ಅದೇ ಬೀದಿಯಲ್ಲಿ ಐಸ್‌ಕ್ರೀಮ್ ತಿನ್ನುತ್ತಾ ನಡೆಯುವಾಗ ಅದು ಗೊತ್ತಿರುವುದು ಒಳ್ಳೆಯದು ಅನ್ನಿಸುತ್ತದೆ ನನಗೆ.

ಮಧ್ಯಾಹ್ನ ಆಲ್ಮೆಂಡ್‌ಹೂಬೆಲ್‌ಗೆ ಹೋದೆವು. ಊರ ಮಧ್ಯದಿಂದಲೇ ಹಗ್ಗದ ರೈಲು, 1912ರದ್ದು. ಹಿಮದ ಮೇಲೆ ಜಾರುವ ಬಾಬ್‌ಸ್ಲೆಡ್ ಗಾಡಿಗಳನ್ನು ಮೇಲಕ್ಕೆ ಒಯ್ಯಲು ಕಟ್ಟಿದ್ದು. ಮೇಲೆ 1,907 ಮೀಟರ್. ಮಕ್ಕಳಿಗೆ ದೊಡ್ಡ ಆಟದ ಜಾಗ, ಸುತ್ತ ಹೂವಿನ ಹಾದಿ. ಗಿಡದ ಪಕ್ಕ ಹೆಸರು ಬರೆದ ಫಲಕ ಇದೆ. ನೀಲಿ ಜೆನ್ಶಿಯನ್, ಗುಲಾಬಿ ಆಲ್ಪೆನ್‌ರೋಸ್. ಅಮ್ಮನಿಗೆ ಸುಸ್ತಾದರೆ ಕೂರಲು ಹತ್ತು ಹೆಜ್ಜೆಗೊಂದು ಬೆಂಚು. ಮಂಡಿನೋವಿನವರನ್ನು ಕರೆದುಕೊಂಡು ಬರುವವರಿಗೆ ಇದಕ್ಕಿಂತ ಒಳ್ಳೆ ಜಾಗ ಈ ಸುತ್ತಿನಲ್ಲಿ ಇಲ್ಲ.

ಮೂರನೇ ದಿನ: ಶಿಲ್ಟ್‌ಹಾರ್ನ್

ಊರ ಮೇಲಿನ ಶಿಲ್ಟ್‌ಹಾರ್ನ್ ಶಿಖರಕ್ಕೆ ಬೆಳಿಗ್ಗೆ ಬೇಗ ಹೋಗಿ. ಬೇಸಿಗೆಯಲ್ಲಿ ಹೊತ್ತೇರಿದಂತೆ ಮೋಡ ಕಟ್ಟುವುದು ಜಾಸ್ತಿ. ಊರಲ್ಲಿ ತಂಗಿದ್ದವರಿಗೆ ಇದು ಸುಲಭ, ಕೆಳಗಿನಿಂದ ಜನ ಬರುವ ಮೊದಲೇ ಮೇಲಿರಬಹುದು. ಹೊರಡುವ ಮೊದಲು ಟಿವಿಯಲ್ಲೋ ಮೊಬೈಲಿನಲ್ಲೋ ಮೇಲಿನ ಕ್ಯಾಮೆರಾ ನೋಡಿ. ಮಂಜು ಕವಿದಿದ್ದರೆ ಆ ದಿನ ಬಿಟ್ಟುಬಿಡಿ, ದುಡ್ಡು ದಂಡ.

ಕೇಬಲ್ ಕಾರು ಮೊದಲು ನಡುವಿನ ಬಿರ್ಗ್ ನಿಲ್ದಾಣಕ್ಕೆ, ಅಲ್ಲಿಂದ ಇನ್ನೊಂದು ಕಾರು ಬೆಟ್ಟದ ತುದಿಗೆ. ಶಿಖರ 2,970 ಮೀಟರ್. 1960ರ ದಶಕದಲ್ಲಿ ಇಷ್ಟು ಎತ್ತರಕ್ಕೆ ತಂತಿ ಎಳೆಯುತ್ತೇನೆ ಅಂತ ಹೊರಟವನು ಇದೇ ಊರಿನ ಅರ್ನ್ಸ್ಟ್ ಫಾಯ್ಟ್ಸ್. 1967ರ ಹೊತ್ತಿಗೆ ಕೇಬಲ್ ಕಾರು ಓಡಿತು. ಶಿಖರದ ಮೇಲಿನ ದುಂಡನೆಯ ರೆಸ್ಟೋರೆಂಟ್ ಕಟ್ಟಡ ಎದ್ದಿತ್ತು, ಒಳಗಿನ ಕೆಲಸಕ್ಕೆ ದುಡ್ಡು ಇರಲಿಲ್ಲ. ಅದೇ ಹೊತ್ತಿಗೆ ಜೇಮ್ಸ್ ಬಾಂಡ್ ಸಿನಿಮಾದವರು ಖಳನಾಯಕನ ಅಡಗುತಾಣಕ್ಕೆ ಜಾಗ ಹುಡುಕುತ್ತಾ ಬಂದರು. ಚಿತ್ರೀಕರಣಕ್ಕೆ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಒಳಾಂಗಣ ಮುಗಿಸಿಕೊಟ್ಟರು, ಹೆಲಿಕಾಪ್ಟರ್ ಇಳಿಯುವ ಕಟ್ಟೆಯನ್ನೂ ಕಟ್ಟಿದರು. ಸಿನಿಮಾ 1969ರಲ್ಲಿ ತೆರೆಗೆ ಬಂತು. ಅದರಲ್ಲಿದ್ದ ಪೀಟ್ಸ್ ಗ್ಲೋರಿಯಾ ಅನ್ನುವ ಹೆಸರೇ ರೆಸ್ಟೋರೆಂಟಿಗೆ ಉಳಿಯಿತು. ಈಗಲೂ ಅದು ನಿಧಾನಕ್ಕೆ ತಿರುಗುತ್ತದೆ. ಕಾಫಿ ಹಿಡಿದು ಕೂತರೆ ಮುಕ್ಕಾಲು ಗಂಟೆಯಲ್ಲಿ ಎಲ್ಲ ದಿಕ್ಕೂ ಕಿಟಕಿಯ ಮುಂದೆ ಹಾದುಹೋಗುತ್ತದೆ.

ಬಾಂಡ್ ಪ್ರದರ್ಶನವೂ ಇದೆ, ಮಕ್ಕಳಿಗೆ ಖುಷಿ. ನನಗೆ ಮಾತ್ರ ಹೊರಗಿನ ಕಟ್ಟೆಯೇ ಸಾಕಾಯಿತು. 200ಕ್ಕೂ ಜಾಸ್ತಿ ಶಿಖರ ಕಾಣುತ್ತವೆ ಅಂತಾರೆ. ಆ ಬೆಳಿಗ್ಗೆ ನೈಋತ್ಯಕ್ಕೆ ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೋಂಬ್ಲಾ ಕೂಡ ಕಾಣಿಸಿತು, ತುಂಬಾ ದೂರದಲ್ಲಿ, ಬಿಳಿ ಗುಡ್ಡೆ. ಜುಲೈ ಆದರೂ ಬೆಳಗಿನ ಗಾಳಿ ಚುಚ್ಚುತ್ತದೆ. ಸ್ವೆಟರ್, ಟೋಪಿ ಬೇಕೇ ಬೇಕು. ಕೆಲವರಿಗೆ ಎತ್ತರಕ್ಕೆ ತಲೆ ತಿರುಗುತ್ತದೆ, ನಿಧಾನ ನಡೆಯಬೇಕು, ನೀರು ಕುಡಿಯುತ್ತಿರಬೇಕು.

ಇದೇ ತುದಿಯ ಹತ್ತಿರದಿಂದ ಪ್ರತಿ ಜನವರಿಯಲ್ಲಿ ಇನ್‌ಫರ್ನೋ ಅನ್ನುವ ಸ್ಕೀ ಪಂದ್ಯ ಶುರುವಾಗುತ್ತದೆ. ಮೊದಲ ಸಲ ನಡೆದದ್ದು 1928ರಲ್ಲಿ. ಲನ್ ಗುಂಪಿನ ಹುಚ್ಚು ಸಾಹಸ ಅದು. 17 ಜನ, ಇಡೀ ಬೆಟ್ಟವನ್ನು ಕಾಲಿನಲ್ಲೇ ಹತ್ತಿ ಬಂದು ಕೆಳಗೆ ಲೌಟರ್‌ಬ್ರುನ್ನೆನ್‌ವರೆಗೆ ಸ್ಕೀಯಲ್ಲಿ ಇಳಿದರು. ಆಗ ಕೇಬಲ್ ಕಾರು ಎಲ್ಲಿತ್ತು? ಈಗ ಸ್ಪರ್ಧಿಗಳ ಮಿತಿ 1,850, ಹಿಮ ಪೂರ್ತಿ ಇದ್ದರೆ ಓಟದ ಉದ್ದ ಸುಮಾರು 15 ಕಿಲೋಮೀಟರ್. ಪಂದ್ಯಕ್ಕೆ ಬರುವವರಲ್ಲಿ ಹೆಚ್ಚಿನವರು ಹವ್ಯಾಸಿಗಳು ಅನ್ನುವುದು ನನಗೆ ಇಷ್ಟವಾದ ಸಂಗತಿ.

ಇಳಿಯುವಾಗ ಬಿರ್ಗ್‌ನಲ್ಲಿ ನಿಂತೆವು. 2,677 ಮೀಟರ್ ಎತ್ತರದಲ್ಲಿ ಬಂಡೆಯ ಪಕ್ಕೆಗೆ 200 ಮೀಟರ್ ಉದ್ದದ ಕಬ್ಬಿಣದ ಹಾದಿ ಸಿಗಿಸಿದ್ದಾರೆ. ಒಂದು ಕಡೆ ನೆಲಕ್ಕೆ ಗಾಜು, ಇನ್ನೊಂದು ಕಡೆ ಬರೀ ಜಾಲರಿ. ನನ್ನ ಗಂಡ ಹೋಗಿಬಂದರು. ನಾನೂ ಅಮ್ಮನೂ ಬಿಸಿಲಿನಲ್ಲಿ ಕೂತು ಚಕ್ಕುಲಿ ತಿಂದೆವು.

ಹೊಸ ಕೇಬಲ್ ಕಾರಿನ ಬಗ್ಗೆಯೂ ಹೇಳಬೇಕು. ಕಣಿವೆಯ ಸ್ಟೆಖೆಲ್‌ಬರ್ಗ್‌ನಿಂದ ನೇರ ಮ್ಯೂರೆನ್‌ಗೆ ಬರುವ ತಂತಿ 2024ರ ಡಿಸೆಂಬರಿನಲ್ಲಿ ಶುರುವಾಯಿತು. ಜಗತ್ತಿನಲ್ಲೇ ಅತಿ ಕಡಿದಾದದ್ದು, ಇಳಿಜಾರು ಶೇಕಡಾ 159.4. ನಾಲ್ಕು ನಿಮಿಷದಲ್ಲಿ 775 ಮೀಟರ್ ಏರುತ್ತದೆ. ಜನ ಬೇಗ ಬರುತ್ತಾರೆ, ಬೇಗ ಹೋಗುತ್ತಾರೆ. ಊರಿಗೆ ಕೆಲಸಕ್ಕೆ ಬರುವವರಿಗೆ, ಕೆಳಗೆ ಓದಲು ಹೋಗುವ ಮಕ್ಕಳಿಗೆ ಇದು ತುಂಬಾ ಅನುಕೂಲ. ಪ್ರವಾಸಿಗರು ಮಾತ್ರ ಬರುವಾಗ ಹಳೇ ರೈಲಿನ ದಾರಿಯಲ್ಲೇ ಬನ್ನಿ ಅಂತ ನನ್ನ ಸಲಹೆ. ಹೋಗುವಾಗ ಬೇಕಾದರೆ ಇದರಲ್ಲಿ ಇಳಿಯಿರಿ.

ನಾಲ್ಕನೇ ದಿನ: ಗಿಮ್ಮೆಲ್‌ವಾಲ್ಡ್, ಹುಲ್ಲು, ಬೆಟ್ಟದೊಳಗಿನ ನೀರು

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಿನ. ಮ್ಯೂರೆನ್‌ನಿಂದ ಕೆಳಗಿನ ಗಿಮ್ಮೆಲ್‌ವಾಲ್ಡ್ ಹಳ್ಳಿಗೆ ಟಾರು ಹಾಕಿದ ಕಿರುದಾರಿ ಇದೆ, ಬರೀ ಇಳಿಜಾರು, ಮುಕ್ಕಾಲು ಗಂಟೆ ಸಾಕು. ಅಮ್ಮನೂ ನನ್ನ ಗಂಡನೂ ಆ ದಾರಿ ಹಿಡಿದರು. ನಾನು ಕಾಡಿನೊಳಗಿನ ದಾರಿಯಲ್ಲಿ ಸ್ಪ್ರುಟ್ಸ್ ಜಲಪಾತದ ಕಡೆಯಿಂದ ಹೋದೆ. ಅದು ಕಡಿದು, ಬೇರು ಕಲ್ಲು ಜಾಸ್ತಿ, ಒದ್ದೆಯಾದರೆ ಜಾರುತ್ತದೆ, ಒಳ್ಳೆ ಶೂ ಇಲ್ಲದವರು ಹೋಗಬೇಡಿ. ಆದರೆ ಬೀಳುವ ನೀರಿನ ಹಿಂದೆಯೇ ಬಂಡೆಯಡಿ ದಾರಿ ಹಾದುಹೋಗುತ್ತದೆ. ಎದುರಿಗೆ ನೀರಿನ ಪರದೆ, ಅದರಾಚೆ ಬೆಟ್ಟ.

ಗಿಮ್ಮೆಲ್‌ವಾಲ್ಡ್ ನೂರು ಚಿಲ್ಲರೆ ಜನರ ಊರು. ಇಲ್ಲಿಗೂ ಕಣಿವೆಯಿಂದ ರಸ್ತೆ ಇಲ್ಲ. ಮ್ಯೂರೆನ್‌ನಲ್ಲಿ ಹೋಟೆಲು ಜಾಸ್ತಿ, ಇಲ್ಲಿ ಕೊಟ್ಟಿಗೆ ಜಾಸ್ತಿ. ಅಂಗಡಿಯವರೇ ಇಲ್ಲದ ಪುಟ್ಟ ಅಂಗಡಿಯೊಂದಿದೆ, ಬೇಕಾದ್ದು ತಗೊಂಡು ಡಬ್ಬಿಗೆ ದುಡ್ಡು ಹಾಕಿ ಬರಬೇಕು.

ನಾನು ತಲುಪುವ ಹೊತ್ತಿಗೆ ಅಮ್ಮ ಬೇಲಿ ಪಕ್ಕ ನಿಂತು ಹುಲ್ಲು ಕೊಯ್ಯುವುದನ್ನು ನೋಡುತ್ತಿದ್ದರು. ಜುಲೈ ಇಲ್ಲಿ ಹುಲ್ಲಿನ ಕೊಯ್ಲಿನ ಕಾಲ. ಸ್ವಲ್ಪ ಹದವಾದ ಕಡೆ ಸಣ್ಣ ಯಂತ್ರ. ತೀರಾ ಕಡಿದಾದ ಕಡೆ ಉದ್ದ ಹಿಡಿಯ ಕುಡುಗೋಲು. ಕೊಯ್ದದ್ದನ್ನು ಹರಡಿ, ಮಗುಚಿ, ಒಣಗಿಸಿ, ಮರದ ಹಲ್ಲಿನ ಕೋಲಿನಿಂದ ಕೆಳಕ್ಕೆ ಎಳೆದು, ಮಳೆ ಬರುವ ಮೊದಲು ಅಟ್ಟಕ್ಕೆ ಸೇರಿಸಬೇಕು. ಮನೆಮಂದಿಯೆಲ್ಲ ಇದ್ದರು, ಹತ್ತು ಹನ್ನೆರಡು ವರ್ಷದ ಮಕ್ಕಳೂ.

"ಇಷ್ಟು ಕಷ್ಟಪಟ್ಟು ಇಷ್ಟೇ ಹುಲ್ಲಾ? ಇವರಿಗೆ ಗಿಟ್ಟುತ್ತಾ?" ಅಂತ ಅಮ್ಮ ಕೇಳಿದರು.

"ಗಿಟ್ಟಲ್ಲ ಅತ್ತೆ, ಅದಕ್ಕೇ ಸರ್ಕಾರ ದುಡ್ಡು ಕೊಡುತ್ತೆ" ಅಂದರು ನನ್ನ ಗಂಡ.

ಮಾತು ನಿಜ. ಸ್ವಿಸ್ ಸರ್ಕಾರ ಬೆಟ್ಟದ ರೈತರಿಗೆ ನೇರವಾಗಿ ಹಣ ಕೊಡುತ್ತದೆ, ಅದರಲ್ಲೂ ಇಳಿಜಾರಿನ ಹೊಲಕ್ಕೆ ಬೇರೆ ಲೆಕ್ಕ. ಇಳಿಜಾರು ಶೇಕಡಾ 18 ದಾಟಿದರೆ ಒಂದು ದರ, 35 ದಾಟಿದರೆ ಇನ್ನೂ ಜಾಸ್ತಿ, 50 ದಾಟಿದರೆ ಅದಕ್ಕಿಂತಲೂ ಜಾಸ್ತಿ. ಯಾಕೆ ಅಂದರೆ, ಕೊಯ್ಯದೆ ಬಿಟ್ಟರೆ ಕೆಲವೇ ವರ್ಷದಲ್ಲಿ ಪೊದೆ ಹಬ್ಬುತ್ತದೆ, ಆಮೇಲೆ ಕಾಡು. ಹೂವಿನ ಹುಲ್ಲುಗಾವಲು ಉಳಿಯಬೇಕಾದರೆ ಕೊಯ್ಯುವವರು ಇರಲೇಬೇಕು. ನಾವು ಫೋಟೊ ಹೊಡೆದುಕೊಳ್ಳುವ ಆ ಹಸಿರು ತಾನಾಗಿ ಬಂದದ್ದಲ್ಲ. ಏಳು ನೂರು ವರ್ಷದಿಂದ ಯಾರೋ ಪ್ರತಿ ಬೇಸಿಗೆಯಲ್ಲೂ ಕೊಯ್ದು ಉಳಿಸಿಕೊಂಡು ಬಂದದ್ದು. ನನಗೆ ಈ ಪ್ರವಾಸದಲ್ಲಿ ಅರ್ಥವಾದ ದೊಡ್ಡ ವಿಷಯ ಇದೇ, ಬಾಂಡ್ ಅಲ್ಲ, ಸ್ಕೀಯೂ ಅಲ್ಲ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಕಾಯ್ದುಕೊಂಡು ಬಂದ ನಮ್ಮೂರಿನವರ ಕೆಲಸ ನೋಡಿದ ಅಮ್ಮನಿಗೆ ಅದು ಹೇಳದೆಯೇ ಗೊತ್ತಾಗಿತ್ತು.

ಗಂಟೆ ಕಟ್ಟಿದ ದನಗಳು ಬೇಸಿಗೆ ತುಂಬ ಇನ್ನೂ ಮೇಲಿನ ಗೋಮಾಳದಲ್ಲಿ ಇರುತ್ತವೆ. ಅಲ್ಲೇ ಹಾಲು ಕರೆದು ಅಲ್ಲೇ ಚೀಸ್ ಮಾಡುತ್ತಾರೆ. ಬರ್ನರ್ ಆಲ್ಪ್‌ಕೇಸೆ ಅಂತ ಹೆಸರು. ಒಂದೂವರೆ ವರ್ಷಕ್ಕೂ ಜಾಸ್ತಿ ಹಣ್ಣಾದದ್ದು ಹೋಬೆಲ್‌ಕೇಸೆ, ಅದನ್ನು ತೆಳ್ಳಗೆ ಹೆರೆದು ಸುರುಳಿ ಸುತ್ತಿ ಕೊಡುತ್ತಾರೆ, ತುಂಬಾ ರುಚಿ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು, ಇಂಥ ಸಾಂಪ್ರದಾಯಿಕ ಚೀಸಿಗೆ ಹಾಲು ಒಡೆಸಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಅಮ್ಮ ತಿನ್ನಲಿಲ್ಲ. ಮೊಸರು, ಬ್ರೆಡ್ಡು, ಆಲೂಗಡ್ಡೆಯ ರೋಸ್ತಿ ಅವರಿಗೆ ಸಾಕಾಯಿತು. ರೋಸ್ತಿಗೂ ಹಂದಿಮಾಂಸದ ಚೂರು ಸೇರಿಸುವುದುಂಟು, ಕೇಳಿಯೇ ತಗೊಳ್ಳಿ.

ಗಿಮ್ಮೆಲ್‌ವಾಲ್ಡ್‌ನಿಂದ ಕೇಬಲ್ ಕಾರಿನಲ್ಲಿ ಸ್ಟೆಖೆಲ್‌ಬರ್ಗ್‌ಗೆ ಇಳಿದು, ಬಸ್ಸಿನಲ್ಲಿ ಟ್ರ್ಯೂಮೆಲ್‌ಬಾಖ್‌ಗೆ ಹೋದೆವು. ಐಗರ್, ಮ್ಯೋಂಖ್, ಯುಂಗ್‌ಫ್ರೌ ಮೂರರ ಹಿಮನದಿ ಕರಗಿದ ನೀರು ಇಲ್ಲಿ ಬೆಟ್ಟದ ಹೊಟ್ಟೆಯೊಳಗೇ ಕೊರೆದುಕೊಂಡು ಇಳಿಯುತ್ತದೆ. ಒಟ್ಟು 10 ಜಲಪಾತ. ನೀರು ಜಾಸ್ತಿ ಇರುವ ಹೊತ್ತಿಗೆ ಸೆಕೆಂಡಿಗೆ 20,000 ಲೀಟರ್‌ವರೆಗೆ. ಬಂಡೆಯೊಳಗೆ ಓರೆಯಾಗಿ ಏರುವ ಲಿಫ್ಟಿನಲ್ಲಿ ಅರ್ಧ ಹತ್ತಿಸಿ ಬಿಡುತ್ತಾರೆ, ಉಳಿದದ್ದು ಮೆಟ್ಟಿಲು. ಒಳಗೆ ಮಾತು ಕೇಳಿಸುವುದಿಲ್ಲ, ಕೈ ಇಟ್ಟರೆ ಗೋಡೆ ನಡುಗುವುದು ತಿಳಿಯುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಇಲ್ಲ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಮಳೆ ಜಾಕೆಟ್ ಹಾಕಿಕೊಂಡೇ ಹೋಗಿ.

ಹೊರಗೆ ಬಸ್ಸಿಗೆ ಕಾಯುವಾಗ ಮೇಲಿನಿಂದ ಯಾರೋ ಬಟ್ಟೆ ಹರಿದಂಥ ಸದ್ದು. ರೆಕ್ಕೆಯ ಬಟ್ಟೆ ಹಾಕಿ ಬಂಡೆಯ ಅಂಚಿನಿಂದ ಹಾರುವವರು. ಈ ಕಣಿವೆ ಅವರಿಗೆ ಜಗತ್ತಿನಲ್ಲೇ ಹೆಸರಾದ ಜಾಗ, ಸಾವುಗಳೂ ಆಗುತ್ತವೆ. ಅವರು ಇಳಿಯುವುದು ರೈತರ ಹುಲ್ಲಿನ ಮೇಲೆ. ಅದಕ್ಕೇ ಹಾರುವವರು ಲ್ಯಾಂಡಿಂಗ್ ಕಾರ್ಡ್ ಕೊಳ್ಳಬೇಕು, ಆ ದುಡ್ಡು ಹುಲ್ಲು ಹಾಳಾದ ರೈತರಿಗೆ ಹೋಗುತ್ತದೆ. ಹುಲ್ಲಿನ ಬೆಲೆ ಇಲ್ಲಿ ಎಲ್ಲರಿಗೂ ಗೊತ್ತು.

ಐದನೇ ದಿನ: ನಡೆದು ಹೊರಟೆವು

ಲಗೇಜನ್ನು ನನ್ನ ಗಂಡ ರೈಲಿನಲ್ಲಿ ಒಯ್ದರು. ನಾನೂ ಅಮ್ಮನೂ ಹಳಿಯ ಪಕ್ಕದ ದಾರಿಯಲ್ಲಿ ವಿಂಟರೆಗ್‌ವರೆಗೆ ನಡೆದೆವು. ಬಹುಪಾಲು ಸಮತಟ್ಟು, ಸ್ವಲ್ಪ ಇಳಿಜಾರು, ಕಾಡು ಮತ್ತು ಗೋಮಾಳ ಒಂದಾದ ಮೇಲೆ ಒಂದು. ವಿಂಟರೆಗ್‌ನಲ್ಲಿ ಚೀಸ್ ಮಾಡುವ ಡೈರಿಯೂ ರೆಸ್ಟೋರೆಂಟೂ ಇದೆ. ಅಮ್ಮ ಒಂದು ಲೋಟ ತಣ್ಣನೆ ಹಾಲು ಕುಡಿದು, ದಪ್ಪ ಇದೆ ಕಣೇ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಗ್ರುಟ್ಷಾಲ್ಪ್‌ವರೆಗೂ ನಡೆಯುವುದಾದರೆ ಮ್ಯೂರೆನ್‌ನಿಂದ ಒಂದೂಕಾಲು ಗಂಟೆ ಬೇಕು, ನಾವು ವಿಂಟರೆಗ್‌ನಲ್ಲೇ ರೈಲು ಹತ್ತಿದೆವು.

ಹೋಗುವವರಿಗೆ ಒಂದೆರಡು ಮಾತು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಮ್ಯೂರೆನ್‌ವರೆಗೆ ಬೇರೆ ಟಿಕೆಟ್ ಬೇಡ, ಅಲ್ಲಿಂದ ಶಿಲ್ಟ್‌ಹಾರ್ನ್‌ಗೆ ಅರ್ಧ ದರ. ಪಾಸಿನ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ನೋಡಿಕೊಳ್ಳಿ. ಹೂ ಬೇಕಾದರೆ ಜೂನ್ ಕೊನೆಯಿಂದ ಜುಲೈ. ನಡೆಯುವುದೇ ಮುಖ್ಯ ಅಂದರೆ ಸೆಪ್ಟೆಂಬರ್, ಆಕಾಶ ತಿಳಿಯಾಗಿರುತ್ತದೆ, ಜನವೂ ಕಡಿಮೆ. ಹಿಮ ನೋಡಬೇಕು ಅನ್ನುವವರು ಜನವರಿ, ಫೆಬ್ರವರಿಯಲ್ಲಿ ಹೋಗಲಿ. ಏಪ್ರಿಲ್ ಮಧ್ಯದಿಂದ ಮೇವರೆಗೆ ಮತ್ತು ನವೆಂಬರಿನಲ್ಲಿ ಮಾತ್ರ ಬೇಡ, ಎಷ್ಟೋ ಹೋಟೆಲು ಮುಚ್ಚಿರುತ್ತವೆ, ಕೇಬಲ್ ಕಾರುಗಳನ್ನೂ ರಿಪೇರಿಗೆ ನಿಲ್ಲಿಸುವುದು ಆಗಲೇ. ರೂಮುಗಳು ಕಡಿಮೆ, ನಾಲ್ಕೈದು ತಿಂಗಳು ಮೊದಲೇ ಹಿಡಿಯಿರಿ, ಆದಷ್ಟೂ ಅಡುಗೆಮನೆ ಇರುವುದನ್ನೇ. ಮತ್ತೆ ಹುಲ್ಲುಗಾವಲಿನ ಮೇಲೆ ಕಾಲಿಡಬೇಡಿ, ದಾರಿಯಲ್ಲೇ ನಡೆಯಿರಿ. ಫೋಟೊಗೆ ಅಂತ ಒಳಗೆ ನುಗ್ಗಿದರೆ ತುಳಿಯುವುದು ಯಾರದೋ ದನದ ಚಳಿಗಾಲದ ಮೇವನ್ನು.